ಕೇಳಿದರೆ ಕೈತಪ್ಪುವ ದಾರಿ

ಕಳೆದ ವಾರ ಶಿವಮೊಗ್ಗದ ನನ್ನ ಆಫೀಸಿಗೆ ಬಂದ ಹಿರಿಯರೊಬ್ಬರು ಪ್ಲಾಸ್ಟಿಕ್ ಚೀಲದ ಗಂಟು ಬಿಚ್ಚಿ ಜಮೀನಿನ ಕಾಗದಗಳನ್ನು ಮೇಜಿನ ಮೇಲಿಟ್ಟರು. ಗಮ್ಮೆಂದು ಹೊಗೆಯ ವಾಸನೆ ಹೊಡೆಯಿತು. ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ವರ್ಷಗಟ್ಟಲೆ ಕೂತ ಕಾಗದಕ್ಕೆ ಮಾತ್ರ ಬರುವ ವಾಸನೆ ಅದು. "ಹೊಸನಗರದ ಕಡೆಯವರಾ?" ಎಂದು ಕೇಳಿಯೇಬಿಟ್ಟೆ. "ಹೌದು ಮೇಡಂ, ಹೆಂಗೆ ಗೊತ್ತಾತು?" ಎಂದು ಅವರು ಬೆರಗಾದರು. ನನಗೆ ಅವರ ಕೇಸು ಒಂದು ಗಳಿಗೆ ಮರೆತೇ ಹೋಯಿತು. ನಾನು ವಕೀಲಿ ಕಲಿಯಲು ಹೊಸನಗರಕ್ಕೆ ಹೋಗಿಬರುತ್ತಿದ್ದ ಮೊದಲ ವರ್ಷ, ಅದರಲ್ಲೂ ದೀಪಾವಳಿ ಕಳೆದು ಮಾವಿನ ಮಿಡಿ ಬಿಡುವವರೆಗಿನ ಚಳಿಗಾಲ, ಮೂಗಿನಿಂದಲೇ ಒಳಗೆ ಬಂತು.

ನಾನು ಸಾಗರದವಳು. ಸಾಗರದ ಕೋರ್ಟಿನಲ್ಲೇ ಯಾರ ಕೈಕೆಳಗಾದರೂ ಸೇರು ಎಂದು ಅಪ್ಪ ಹೇಳುತ್ತಿದ್ದರು. ಆದರೆ ಆ ಊರಲ್ಲಿ ನನ್ನನ್ನು ಇಂದಿಗೂ ಎಲ್ಲರೂ ಪುಟ್ಟಿ ಎಂದೇ ಕರೆಯುವುದು. ಪುಟ್ಟಿಯ ಮಾತು ನಂಬಿ ಯಾರು ತಾನೇ ಕೇಸು ಹಾಕುತ್ತಾರೆ? ಅದಕ್ಕೇ ಹೊಸನಗರದ ಮಂಜಪ್ಪ ವಕೀಲರ ಹತ್ತಿರ ಜೂನಿಯರ್ ಆಗಿ ಸೇರಿದೆ. ಅವರ ಆಫೀಸು ಒಂದು ಟೈಲರ್ ಅಂಗಡಿಯ ಮಹಡಿಯ ಮೇಲೆ. ಕೆಳಗೆ ಮಿಷನ್ ಟರ್‍ರೆನ್ನುತ್ತಿದ್ದರೆ ಮೇಲೆ ಜನ ತಮ್ಮ ಸಂಸಾರವನ್ನೆಲ್ಲ ಬಿಚ್ಚಿಡುತ್ತಿದ್ದರು.

ಅಬ್ಬಾ, ಏನೇನು ಪ್ರಶ್ನೆಗಳು! ಕಾಲೇಜಿನಲ್ಲಿ ನಾನು ಓದಿದ ಕಾನೂನಿಗೂ ಆ ಮೆಟ್ಟಿಲು ಹತ್ತಿ ಬರುತ್ತಿದ್ದ ಕಾನೂನಿಗೂ ಪರಿಚಯವೇ ಇದ್ದಂತಿರಲಿಲ್ಲ. ಹಲಸಿನ ಮರ ಪಕ್ಕದವರದ್ದು, ಕೊಂಬೆ ನಮ್ಮ ಅಂಗಳಕ್ಕೆ ಬಂದಿದೆ, ಹಣ್ಣು ನಮ್ಮ ಕಡೆ ಬಿದ್ದರೆ ಯಾರದ್ದು? ಮದುವೆಯಾದ ಮಗಳು ಸಹಿ ಹಾಕದಿದ್ದರೆ ಮನೆ ಪಾಲು ಆಗುವುದೇ ಇಲ್ಲವಾ? ಸ್ಟೇಷನ್ನಿಗೆ ಬರಹೇಳಿದ್ದಾರೆ, ಹೋಗಲೇಬೇಕಾ, ಹೋದರೆ ಕೂರಿಸಿಕೊಳ್ಳುತ್ತಾರಾ? ಒಬ್ಬನಂತೂ ಅಪ್ಪ ಬರೆದ ವಿಲ್ಲನ್ನು ಅಪ್ಪ ಬದುಕಿರುವಾಗಲೇ ಜಾರಿ ಮಾಡಿಸಬಹುದಾ ಎಂದು ಕೇಳಿದ. ಅಪ್ಪ ಪಕ್ಕದ ಕುರ್ಚಿಯಲ್ಲೇ ಎಲೆಯಡಿಕೆ ಜಗಿಯುತ್ತ ಕೂತಿದ್ದರು, ಅವರಿಗೂ ಉತ್ತರ ತಿಳಿಯಬೇಕಿತ್ತು. ಇನ್ನೊಬ್ಬಾಕೆ, ಗಂಡ ಎಲ್ಲಿದ್ದಾನೆಂದು ವರ್ಷಗಳಿಂದ ಗೊತ್ತಿಲ್ಲ, ಹಬ್ಬಕ್ಕೆ ಕುಂಕುಮ ಇಡಬೇಕಾ ಬೇಡವಾ, ಕಾನೂನು ಏನು ಹೇಳುತ್ತದೆ ಎಂದು ಕೇಳಿದಾಗ ಮಂಜಪ್ಪನವರು ಕನ್ನಡಕ ತೆಗೆದು ಒರೆಸುತ್ತ ಕೂತುಬಿಟ್ಟರು.

ಮೊದಲಿನಿಂದಲೂ ನನಗೆ ಕೆಟ್ಟ ಕುತೂಹಲ. ಬೇಡದ ಉಸಾಬರಿ ಮೈಮೇಲೆ ಎಳೆದುಕೊಳ್ಳುತ್ತೀಯ ಎಂದು ಅಮ್ಮನ ಕೈಲಿ ಬೈಸಿಕೊಂಡೇ ಬೆಳೆದವಳು ನಾನು. ಆ ಮಹಡಿಯಲ್ಲಿ ಕೂತು ಕೂತು ನನಗೊಂದು ವಿಷಯ ಗೊತ್ತಾಯಿತು: ಜನ ನಿಜವಾಗಿ ಕೇಳಬೇಕೆಂದು ಬಂದ ಪ್ರಶ್ನೆ ಕುರ್ಚಿಯಲ್ಲಿ ಕೂತಾಗ ಬರುವುದಿಲ್ಲ. ಎದ್ದು, ಕೈಮುಗಿದು, ಬಾಗಿಲ ಹೊರಗೆ ಚಪ್ಪಲಿಗೆ ಕಾಲು ತೂರಿಸುವಾಗ ಬರುತ್ತದೆ. ಹಾಗಾಗಿ ಯಾರೇ ಹೊರಟರೂ ನಾನು ನೆಪ ಮಾಡಿಕೊಂಡು ಬಾಗಿಲವರೆಗೆ ಹೋಗುತ್ತಿದ್ದೆ. ಸೀನಿಯರ್ ಇದನ್ನು ನನ್ನ ಮರ್ಯಾದೆ ಎಂದುಕೊಂಡಿದ್ದರು.

ಬಂಗಾರಮ್ಮನ ಪ್ರಶ್ನೆಯೂ ಹಾಗೇ ಬಂತು. ಆಕೆ ಹೊಸನಗರದಿಂದ ನಗರ ಎಂಬ ಊರಿಗೆ ಹೋಗುವ ದಾರಿಯಲ್ಲಿನ ಒಂದು ಹಳ್ಳಿಯವರು. ಗಂಡ ತೀರಿಕೊಂಡಿದ್ದರು, ಒಬ್ಬಳೇ ಮಗಳು ಸುಮಾ. ಮಾವನ ಕಾಲದಲ್ಲಿ ಗೇಣಿಗೆ ಮಾಡುತ್ತಿದ್ದ ಗದ್ದೆ ಸ್ವಂತದ್ದಾಗಿ, ಅದನ್ನು ಗಂಡಸರಿಗೆ ಕಡಿಮೆಯಿಲ್ಲದಂತೆ ಮಾಡಿಸುತ್ತಿದ್ದ ಹೆಂಗಸು. ಅವರ ಮನೆಗೆ ಟಾರು ರಸ್ತೆಯಿಂದ ಇರುವುದು ಒಂದೇ ಜೀಪಿನ ದಾರಿ, ಅದು ಗಂಡನ ಚಿಕ್ಕಪ್ಪನ ಮಗ ಹೂವಪ್ಪನ ಬ್ಯಾಣದೊಳಗೆ, ಅಂದರೆ ದನ ಮೇಯುವ ಹುಲ್ಲುಗಾವಲಿನೊಳಗೆ, ಹಾದು ಹೋಗುತ್ತದೆ. ಆ ದಾರಿಗೆ ಹೂವಪ್ಪ ಈಗ ದಣಪೆ ಹಾಕಿ ಮುಚ್ಚಿದ್ದಾನೆ. ದಣಪೆ ಎಂದರೆ ಎರಡು ಕಂಬಕ್ಕೆ ಅಡ್ಡ ಗಳ ತೂರಿಸಿ ಮಾಡುವ ನಮ್ಮ ಕಡೆಯ ಗೇಟು. ಸುಮಾ ಬಸುರಿ, ಚೊಚ್ಚಲು. ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಬಿಪಿ ಇದೆ, ನೋವು ಶುರುವಾದ ಕೂಡಲೇ ತಡಮಾಡದೆ ಕರೆತನ್ನಿ ಎಂದು ಡಾಕ್ಟರು ಹೇಳಿದ್ದಾರೆ. ಜೀಪು ಮನೆ ಬಾಗಿಲಿಗೆ ಬರಬೇಕು.

"ನನ್ನ ಮೊದ್ಲನೇ ಹೆರಿಗೆಗೆ ದಾರಿನೇ ಇರ್ಲಿಲ್ಲ" ಎಂದರು ಬಂಗಾರಮ್ಮ. "ಕುರ್ಚಿ ಮೇಲೆ ಕೂರ್ಸಿ ಗದ್ದೆ ಅಂಚಲ್ಲಿ ಹೊತ್ಕಂಡ್ ಹೋದ್ರು. ರಸ್ತೆ ಮುಟ್ಟೊಷ್ಟೊತ್ತಿಗೆ ಕೂಸು ಇರ್ಲಿಲ್ಲ. ಅದಾದ್ಮೇಲೇ ನನ್ ಮಾವ ಗುದ್ದಲಿ ಹಿಡಿದು ಆ ದಾರಿ ಮಾಡಿದ್ದು."

ಟೈಲರ್ ಮಿಷನ್ ಕೂಡ ಆಗ ನಿಂತಿತ್ತೋ ಏನೋ, ನನಗೆ ಏನೂ ಕೇಳಿಸಲಿಲ್ಲ. ಮಂಜಪ್ಪನವರು ಮಾತ್ರ ಸಾವಧಾನವಾಗಿ, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಎಲ್ಲರಿಗೂ ಕಾಣುವಂತೆ ಓಡಾಡಿದ ದಾರಿಯಾದರೆ ಅದು ಹಕ್ಕು, ದಾವೆ ಹಾಕೋಣ, ತಡೆಯಾಜ್ಞೆ ಕೇಳೋಣ ಎಂದು ಹೇಳಿ ಕಳಿಸಿದರು. ನಾನು ಬಾಗಿಲಿಗೆ ಹೋದೆ. ಬಂಗಾರಮ್ಮ ಒಂದು ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಕಾಲಲ್ಲೇ ಹುಡುಕುತ್ತ ನನ್ನ ಕಡೆ ನೋಡಿದರು.

"ಲಾಯರಮ್ಮಾ, ಆ ದಣಪೆಗೆ ಅಂವ ಸಿಗಂದೂರಮ್ಮನ ಬೋರ್ಡ್ ಕಟ್ಟಿದಾನೆ. ಕೋರ್ಟು ದಾಟು ಅಂದ್ರೆ ದಾಟಬೌದಾ?"

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೋಟ, ಗದ್ದೆ, ಮನೆ, ಎಲ್ಲಿ ನೋಡಿದರೂ ಆ ತಗಡಿನ ಫಲಕ ಇರುತ್ತದೆ: ಈ ಜಾಗಕ್ಕೆ ಸಿಗಂದೂರು ಚೌಡೇಶ್ವರಿ ಅಮ್ಮನವರ ಕಾವಲಿದೆ. ಅಷ್ಟು ಬರೆದು ತೂಗುಹಾಕಿದರೆ ಮುಗಿಯಿತು, ಬೇಲಿಯೂ ಬೇಡ, ನಾಯಿಯೂ ಬೇಡ. ಕಳ್ಳನಾದವನೂ ಕೈಮುಗಿದು ಸುತ್ತಿಕೊಂಡು ಹೋಗುತ್ತಾನೆ. ಪೊಲೀಸರಿಗೆ ಹೆದರದವರು ಆ ತಗಡಿಗೆ ಹೆದರುತ್ತಾರೆ. ನಾನು ಕಾನೂನು ಓದಿದವಳು, ದಾಟಬಹುದು ಎಂದು ಹೇಳಬೇಕಿತ್ತು. "ಕೇಳಿ ಹೇಳ್ತೀನಿ" ಎಂದೆ. ಯಾರನ್ನು ಕೇಳುವುದು ಎಂದು ಮಾತ್ರ ನನಗೇ ಗೊತ್ತಿರಲಿಲ್ಲ.

ದಾವೆ ಬರೆಯುವ ಮೊದಲು ಜಾಗ ನೋಡಿ ಬಾ ಎಂದು ಸೀನಿಯರ್ ನನ್ನನ್ನು ಕಳಿಸಿದರು. ಧನುರ್ಮಾಸದ ಬೆಳಗು, ಇಬ್ಬನಿ ಇನ್ನೂ ಬಿಟ್ಟಿರಲಿಲ್ಲ. ದಣಪೆಯ ನಡು ಗಳಕ್ಕೆ ಹಳದಿ ತಗಡು, ಕೆಂಪು ಅಕ್ಷರ, ಮೇಲೊಂದು ಬಾಡಿದ ದಾಸವಾಳ. ನಾನೂ ಚಪ್ಪಲಿ ಬಿಟ್ಟು ಕೈಮುಗಿದೆ, ಸುಳ್ಳು ಯಾಕೆ ಹೇಳಲಿ. ದಾರಿಯ ಪಕ್ಕದ ಅಗಳದಲ್ಲಿ, ಅಂದರೆ ಗಡಿಗೆ ತೋಡಿದ ಆಳವಾದ ಕಂದಕದಲ್ಲಿ, ಬಂಗಾರಮ್ಮನ ಮನೆಯವರು ದಾಟಲು ಸಂಕವೆಂಬ ಮರದ ಕಾಲುಸೇತುವೆ ಹಾಕಿಕೊಂಡಿದ್ದರು. ಬಸುರಿ ಆ ಸಂಕದ ಮೇಲೆ ಹೋಗುವುದನ್ನು ನೆನೆಸಿಕೊಂಡೇ ನನಗೆ ಬೆವರು ಬಂತು. ಆಮೇಲೆ ನೋಡಿದರೆ, ದಾರಿಯ ಇನ್ನೊಂದು ಪಕ್ಕದ ಅಗಳದ ಮೇಲೂ ಒಂದು ಸಂಕ! ಹೊಸದು. ಆ ಕಡೆ ಯಾರ ಮನೆಯಿದೆ? ಹೂವಪ್ಪನದ್ದೊಂದೇ.

ಇದೆಂತ ಕಥೆ ಎಂದು ನಾನು ಬಗ್ಗಿ ನೋಡುತ್ತಿರುವಾಗಲೇ, ಸೊಪ್ಪಿನ ಹೊರೆ ಹೊತ್ತ ಗಟ್ಟಿ ಆಳೊಬ್ಬ ಆ ಸಂಕದ ಮೇಲೆ ಓಲಾಡುತ್ತ ಬಂದ. ಹೂವಪ್ಪನೇ. ನಾನು ಯಾರೆಂದು ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಹೊರೆ ಇಳಿಸಿ, "ಕಾಪಿ ಕುಡೀತ್ರಾ?" ಎಂದ.

"ಕಾಫಿ ಇರಲಿ. ಜಾಗ ನಿಮ್ಮದು, ದಣಪೆ ನಿಮ್ಮದು. ನೀವ್ಯಾಕೆ ಹಿಂಗೆ ಸುತ್ತಿ ಬರ್ತೀರಿ?"

"ಅಮ್ಮನ ಕಾವಲು ಅಂತ ನಾನೇ ಕಟ್ಟಿದ್ಮೇಲೆ, ನಂಗೊಂದು ಬ್ಯಾರೆಯವ್ರಿಗೊಂದು ಅಂತ ಇರ್ತದಾ ಮೇಡಂ?" ಎಂದು ಅವನು ಫಲಕದ ಕಡೆ ನೋಡದೆಯೇ ಹೇಳಿದ. "ಸಿಟ್ಟಲ್ಲಿ ಕಟ್ಬಿಟ್ಟೆ. ಬಿಚ್ಚೋದಾದ್ರೆ ಸಿಗಂದೂರಿಗೆ ಹೋಗಿ ತಪ್ಪುಕಾಣಿಕೆ ಹಾಕಿ ಬರಬೇಕು. ಅತ್ತಿಗೆ ಒಂದ್ ಮಾತು ಬಂದು ಕೇಳ್ಲಿ, ನಾಳೆನೇ ಹೊರಡ್ತೀನಿ."

ಸಿಟ್ಟು ಯಾಕೆ ಬಂತು ಎಂದೂ ಕೇಳಿದೆ, ಬಿಡುತ್ತೇನೆಯೇ? ಸುಮಾಳ ಮದುವೆಗೆ ಬಂಗಾರಮ್ಮ ಮನೆಗೆ ಬಂದು, ಅಕ್ಷತೆ ಕೊಟ್ಟು ಕರೆದಿರಲಿಲ್ಲವಂತೆ. ಕಾರ್ಡನ್ನು ಹಾಲು ಡೇರಿಯಲ್ಲಿ ಬಿಟ್ಟು ಹೋಗಿದ್ದರಂತೆ. "ಆ ಕೂಸನ್ನ ಹೆಗಲ ಮೇಲೆ ಹೊತ್ತು ಆಡ್ಸಿದವ ನಾನು. ಡೇರಿಲಿ ಕರೆದ್ರೆ ಹೋಗಕ್ಕೆ ನಾ ಎಂತ ಹಾಲಿನ ಕ್ಯಾನಾ?" ಎಂದ. ನಗು ಬಂದರೂ ತಡೆದುಕೊಂಡೆ, ಅವನು ತಮಾಷೆಗೆ ಹೇಳಿರಲಿಲ್ಲ.

ನಾನು ದೊಡ್ಡ ರಾಜಿ ಮಾಡಿಸಿದವಳಂತೆ ಬೀಗುತ್ತ ಬಂಗಾರಮ್ಮನ ಹತ್ತಿರ ಹೋದೆ. ಆಕೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ಪೂರ್ತಿ ಕೇಳಿಸಿಕೊಂಡು, "ಮದುವೆ ಕೆಲ್ಸದಲ್ಲಿ ಗಂಡಸ್ರಿಲ್ದ ಮನೆಲಿ ನಂಗೆ ಎಷ್ಟು ಕೈ ಇತ್ತು? ಇರ್ಲಿ, ಅದು ನಂದೇ ತಪ್ಪು ಅಂದ್ಕಳಣ. ಆದ್ರೆ ದಾರಿ? ನನ್ ಮಾವ ಕಡಿದ ದಾರಿಲಿ ಕೇಳಿ ಓಡಾಡಕ್ಕೆ ನಾ ಎಂತ ನೆಂಟ್ರವಳಾ?" ಎಂದರು. ಮೊರ ಮತ್ತೆ ಚಟಪಟ ಎಂದಿತು. ಆದರೂ ನಾನು ಹೊರಡುವಾಗ ಹಿಂದಿನಿಂದ ದನಿ ತಗ್ಗಿಸಿ, "ವಕೀಲ್ರನ್ನ ಒಂದ್ಸಲ ಕೇಳಿ. ಮಗಳ ಮುಖ ನೋಡಿದ್ರೆ ಹೂವಪ್ಪನ್ನ ಕೇಳಿಬಿಡೋದೇ ವಾಸಿ ಅನ್ನಿಸ್ತದೆ" ಎಂದರು.

ಮಂಜಪ್ಪನವರು ಕುರ್ಚಿಯಿಂದ ಹಾರಿಯೇಬಿಟ್ಟರು. "ಕೇಳಬಾರದು! ಕೇಳಿದರೆ ಕೆಟ್ಟಿತು. ಹಕ್ಕು ಅಂತ ಓಡಾಡಿದರೆ ಮಾತ್ರ ಹಕ್ಕು. 'ದಾರಿ ಬಿಡಪ್ಪ' ಅಂತ ಇವತ್ತು ಕೇಳಿದರೆ, ಇಷ್ಟು ವರ್ಷವೂ ಕೇಳಿಯೇ ಓಡಾಡಿದ್ದು ಅಂತ ಅವನ ವಕೀಲ ನಾಳೆ ಹೇಳ್ತಾನೆ. ಅಪ್ಪಣೆ ಪಡೆದು ನಡೆದ ದಾರಿ ಅಪ್ಪಣೆ ಇರೋ ತನಕ ಮಾತ್ರ. ಹೂವಪ್ಪನಿಗೆ ಮತ್ತೆ ಸಿಟ್ಟು ಬಂದ ದಿನ ಆ ಹುಡುಗಿಗೂ ದಾರಿಯಿಲ್ಲ, ಅವಳ ಮಕ್ಕಳಿಗೂ ಇಲ್ಲ."

ಅವರು ಹೇಳಿದ್ದು ಅಕ್ಷರಶಃ ಕಾನೂನು. ಎಷ್ಟು ತಿರುಗಿಸಿ ನೋಡಿದರೂ ತಪ್ಪು ಸಿಗಲಿಲ್ಲ. ಆದರೂ ಅವತ್ತು ಸಾಗರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಅದೇ ಗುಂಗು. ಕೇಳಿದರೆ ಕೊಡುತ್ತೇನೆ ಎನ್ನುವವನಿದ್ದಾನೆ, ಮಗಳಿಗಾಗಿ ಕೇಳಲೂ ಸಿದ್ಧವಾದವಳಿದ್ದಾಳೆ, ನಡುವೆ ನಿಂತು ಕೇಳಬೇಡ ಎನ್ನುತ್ತಿರುವುದು ನಾವು. ಇದೆಂಥ ವಿಚಿತ್ರ ವಿದ್ಯೆ ಮಾರಾಯ್ರೆ ಎಂದು ಪಕ್ಕದ ಸೀಟಿನವರಿಗೆ ಹೇಳುವಷ್ಟಾಗಿತ್ತು.

ದಾವೆ ಬಿತ್ತು. ಹೂವಪ್ಪನೂ ವಕೀಲರನ್ನಿಟ್ಟ. ಒಂದು ವಾಯಿದೆಗೆ ಆ ಕಡೆಯವರು ಕಾಲಾವಕಾಶ ಕೇಳಿದರು, ಇನ್ನೊಂದಕ್ಕೆ ರಜೆ ಬಂತು. ಸುಮಾಳ ಹೊಟ್ಟೆಗೆ ವಾಯಿದೆ ಗೊತ್ತಿಲ್ಲವಲ್ಲ, ಅದು ಬೆಳೆಯುತ್ತಿತ್ತು. ಬಂಗಾರಮ್ಮ ಪ್ರತಿ ಸಲ ಬಂದಾಗಲೂ ಕೋರ್ಟಿನ ಕಟ್ಟೆಯ ಮೇಲೆ ಕೂತು, "ಇವತ್ತೂ ಇಲ್ವಾ?" ಎಂದು ಕೇಳಿ ಎದ್ದು ಹೋಗುತ್ತಿದ್ದರು. ನನಗೆ ಅವರ ಮುಖ ನೋಡುವುದೇ ಕಷ್ಟವಾಗುತ್ತಿತ್ತು. ಚಳಿ ಹೋಗಿ ಬಿಸಿಲು ಚುರುಗುಟ್ಟತೊಡಗಿತು. ಆಫೀಸಿಗೆ ಹೊಳೆದಂಡೆಯ ಮರದ ಮಿಡಿ ಯಾರು ಇಳಿಸಬೇಕು ಎಂಬ ಪ್ರಶ್ನೆಗಳು ಬರತೊಡಗಿದವು. ಕೊನೆಗೆ ಕೋರ್ಟು, ಜಾಗ ನೋಡಿ ವರದಿ ಕೊಡಲು ಒಬ್ಬ ಹಿರಿಯ ವಕೀಲರನ್ನು ಕಮಿಷನರ್ ಆಗಿ ನೇಮಿಸಿತು.

ಆ ದಿನ ಸೀನಿಯರಿಗೆ ತೀರ್ಥಹಳ್ಳಿಯಲ್ಲಿ ಬೇರೆ ಕೇಸು. ನಮ್ಮ ಪರವಾಗಿ ನಾನೊಬ್ಬಳೇ ಹೋದೆ. ಕಮಿಷನರು, ಸರ್ವೆಯರು, ಹೂವಪ್ಪನ ವಕೀಲರು, ಎಲ್ಲರೂ ಒಂದೇ ಬಾಡಿಗೆ ಜೀಪಿನಲ್ಲಿ ಬಂದಿಳಿದು ದಣಪೆಯ ಮುಂದೆ ಸಾಲಾಗಿ ನಿಂತರು. ಯಾರೂ ಗಳ ಸರಿಸಲಿಲ್ಲ.

"ಸರ್ವೆಯರ್ರೇ, ಟೇಪ್ ಹಿಡ್ಕೊಂಡು ಆ ಕಡೆ ಹೋಗಿ" ಎಂದರು ಕಮಿಷನರು.

"ಆರ್ಡರ್ ನಿಮ್ಮ ಹೆಸ್ರಲ್ಲಿದೆ ಸಾರ್, ಮೊದ್ಲು ನೀವು" ಎಂದರು ಸರ್ವೆಯರು.

ಹೂವಪ್ಪನ ವಕೀಲರು ಫೋನು ಬಂದವರಂತೆ ದೂರ ಹೋದರು. ಕೊನೆಗೆ ಕಮಿಷನರು ಗಂಭೀರವಾಗಿ ಪಂಚೆ ಎತ್ತಿ ಕಟ್ಟಿ, ಕೋರ್ಟಿನ ಅಧಿಕಾರವನ್ನೆಲ್ಲ ಜೊತೆಗಿಟ್ಟುಕೊಂಡು, ಸಂಕದ ಮೇಲೆ ಕೈ ಅಗಲಿಸಿ ಸುತ್ತಿ ಬಂದರು. ಸರ್ವೆಯರು ಟೇಪನ್ನು ದಣಪೆಯ ಮೇಲಿಂದ ಎಸೆದು ಅಳತೆ ಹಿಡಿದರು. ನಾನು ನಗು ನುಂಗಿ ನಿಂತಿದ್ದೆ.

ಆಗಲೇ ಮನೆಯ ಕಡೆಯಿಂದ ಬಂಗಾರಮ್ಮನ ಕೂಗು ಕೇಳಿದ್ದು. ಸುಮಾಳಿಗೆ ನೋವು ಶುರುವಾಗಿತ್ತು, ಹೇಳಿದ ದಿನಕ್ಕಿಂತ ಮುಂಚೆ. ಕಣ್ಣು ಮಂಜಾಗುತ್ತದೆ, ತಲೆ ಸಿಡಿಯುತ್ತದೆ ಎನ್ನುತ್ತಿದ್ದಾಳಂತೆ. ಬಂಗಾರಮ್ಮ ಸೆರಗು ಜಾರಿದ್ದೂ ಗೊತ್ತಿಲ್ಲದೆ ಓಡಿ ಬಂದು ದಣಪೆಯ ಆ ಬದಿಗೆ ನಿಂತರು. ಜೀಪು ಈ ಬದಿಗೆ ಇತ್ತು. ಡ್ರೈವರು ಫಲಕವನ್ನೊಮ್ಮೆ ನೋಡಿ, "ನಂಗೂ ಹೆಂಡ್ತಿ ಮಕ್ಳಿದಾರೆ ಅಕ್ಕಾ, ನಾ ದಾಟ್ಸಲ್ಲ" ಎಂದ. ಬಂಗಾರಮ್ಮ ಗಳದ ಮೇಲೆ ಕೈಯಿಟ್ಟರು. ಕೈ ಅಲ್ಲೇ ನಿಂತಿತು. ಹೂವಪ್ಪ ತನ್ನ ಸಂಕದ ಹತ್ತಿರ ಕಲ್ಲಿನಂತೆ ನಿಂತಿದ್ದ. ಬಂಗಾರಮ್ಮ ಅವನ ಕಡೆ ನೋಡಿದರು, ಆಮೇಲೆ ನನ್ನ ಕಡೆ.

"ಲಾಯರಮ್ಮಾ, ಈಗ ಕೇಳ್ಲಾ?"

ಕಮಿಷನರು ಪೆನ್ನು ಹಿಡಿದು ನಿಂತಿದ್ದರು. ಹೂವಪ್ಪನ ವಕೀಲರು ಫೋನು ಜೇಬಿಗಿಟ್ಟಿದ್ದರು. ಆಕೆ ಬಾಯಿಬಿಟ್ಟು ಕೇಳಿದರೆ ಅದು ವರದಿಗೆ ಹೋಗುತ್ತದೆ, ಕೇಸು ಮುಗಿಯುತ್ತದೆ. ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. "ಕೇಳಿ ಬಂಗಾರಮ್ಮ, ಕೇಸು ಮನೆ ಹಾಳಾಗ್ಲಿ, ಕೇಳಿ!" ಎಂದು ಕಿರುಚಿದೆ.

ಆಕೆ ಬಾಯಿ ತೆರೆಯುವುದರೊಳಗೆ ಹೂವಪ್ಪ ಚಪ್ಪಲಿ ಬಿಟ್ಟಿದ್ದ. ಬಂದವನೇ ಫಲಕಕ್ಕೆ ಅಡ್ಡಬಿದ್ದು, ಕೆನ್ನೆ ಕೆನ್ನೆ ಬಡಿದುಕೊಂಡು, ತಂತಿ ಬಿಚ್ಚತೊಡಗಿದ. ಬೆರಳಿಗೆ ತಂತಿ ಚುಚ್ಚಿ ರಕ್ತ ಬಂತು. ಬಿಚ್ಚಿದ ಫಲಕವನ್ನು ಹೆಗಲ ಮೇಲಿನ ಟವೆಲ್ಲಿನಲ್ಲಿ ಹಿಡಿದು ಎದ್ದು ನಿಂತ. ಯಾರ ಮುಖವನ್ನೂ ನೋಡದೆ ಹೇಳಿದ, "ನಂಗೆ ಸಿಗಂದೂರಿಗೆ ಹೋಗೋದಿತ್ತು. ಪ್ಯಾಟೆ ತನಕ ಜೀಪಲ್ಲಿ ಹತ್ತಿಸ್ಕತ್ರಾ?"

ಡ್ರೈವರು ಓಡಿ ಹೋಗಿ ಗಳ ಎಳೆದು ಎಸೆದ. ಹೂವಪ್ಪ ಫಲಕವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತ. "ಅಮ್ಮನೇ ಮುಂದೆ ಕೂತ್ಮೇಲೆ ಇನ್ಯಾರ ಭಯ" ಎನ್ನುತ್ತ ಡ್ರೈವರು ಜೀಪನ್ನು ಬ್ಯಾಣದೊಳಗೆ ನುಗ್ಗಿಸಿದ. ಸುಮಾಳನ್ನು ಹಿಂದಿನ ಸೀಟಿಗೆ ಎತ್ತಿ ಕೂರಿಸಿದ್ದು ಸರ್ವೆಯರೂ ನಾನೂ.

ಕೇಸಿನ ಕಥೆ ಇಲ್ಲೇ ಮುಗಿಸಿಬಿಡುತ್ತೇನೆ. ಬಂಗಾರಮ್ಮ ಕೇಳಲಿಲ್ಲ, ಹೂವಪ್ಪ ಬಿಟ್ಟೆ ಎನ್ನಲಿಲ್ಲ, ಹಾಗಾಗಿ ಕಮಿಷನರಿಗೆ ಬರೆಯಲು ಏನೂ ಸಿಗಲಿಲ್ಲ. ಆಮೇಲೆ ಇಬ್ಬರೂ ರಾಜಿ ಅರ್ಜಿ ಹಾಕಿದರು. ಅದು ಹಕ್ಕಿನ ದಾರಿ ಎಂದೇ ಬರೆಸಿದೆವು. ಮಂಜಪ್ಪನವರು ನನ್ನ ಕಿರುಚಾಟದ ಸುದ್ದಿ ಕೇಳಿ, "ಅಲ್ಲಮ್ಮಾ, ಕೇಸು ಮನೆ ಹಾಳಾಗಲಿ ಅಂತ ಕಮಿಷನರ ಎದುರಿಗೇ ಹೇಳೋದಾ!" ಎಂದು ವಾರವಿಡೀ ಗೊಣಗಿದರು.

ಆದರೆ ಕಣ್ಣಿಗೆ ಕಟ್ಟಿರುವುದು ಆ ಮಧ್ಯಾಹ್ನದ ಆಸ್ಪತ್ರೆ. ಹೂವಪ್ಪ ಪೇಟೆಯಲ್ಲಿ ಇಳಿಯಲಿಲ್ಲ, ಸಿಗಂದೂರಿಗೂ ಹೋಗಲಿಲ್ಲ. ಹೆರಿಗೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಫಲಕ ಹಿಡಿದುಕೊಂಡೇ ಕೂತ. ಜನ ಚಪ್ಪಲಿ ಮೆಟ್ಟಿ ಓಡಾಡುವ ನೆಲಕ್ಕೆ ಅದನ್ನು ಇಡುವಂತಿಲ್ಲ, ಎಂಜಲು ಕೈಯಲ್ಲಿ ಮುಟ್ಟುವಂತಿಲ್ಲ ಎಂದು ನಾನು ತಂದ ಟೀಯನ್ನೂ ಕುಡಿಯಲಿಲ್ಲ. ಒಳಗಿನಿಂದ ಸುಮಾಳ ಕೂಗು ಬಂದಾಗಲೆಲ್ಲ ತಗಡನ್ನು ಎದೆಗೆ ಒತ್ತಿ ಹಿಡಿಯುತ್ತಿದ್ದ.

ಬಿಸಿಲು ಇಳಿಯುವ ಹೊತ್ತಿಗೆ ಬಾಗಿಲು ತೆರೆದು ಬಂಗಾರಮ್ಮ ಹೊರಬಂದರು. ಹಳೆಯ ಕಾಟನ್ ಸೀರೆಯಲ್ಲಿ ಸುತ್ತಿದ ಕೂಸು ಕೈಲಿತ್ತು. "ಹೆಣ್ಣು. ತಾಯಿನೂ ಹುಷಾರಿದಾಳೆ" ಎಂದರು ನನಗೆ. ಆಮೇಲೆ ಹೂವಪ್ಪನ ಮುಂದೆ ಹೋಗಿ ನಿಂತು, ಕೂಸನ್ನು ಚಾಚಿ, "ತಗ" ಎಂದರು.

ಅವನು ಎದ್ದ. ಎರಡೂ ಕೈಯಲ್ಲಿ ಫಲಕ. ಅದನ್ನು ನೋಡಿದ, ಕೂಸನ್ನು ನೋಡಿದ, ಏನು ಮಾಡಬೇಕೆಂದು ತಿಳಿಯದೆ ನಿಂತ.

"ಅತ್ತಿಗೆ, ಇದನ್ನೊಂಚೂರು ಹಿಡ್ಕತ್ರಾ?"

ಬಂಗಾರಮ್ಮ ಕೂಸನ್ನು ನನ್ನ ಕೈಗೆ ಕೊಟ್ಟು, ಸೆರಗು ಒಡ್ಡಿ ಫಲಕ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ನಾನು ಕೂಸನ್ನು ಹೂವಪ್ಪನ ಕೈಗೆ ದಾಟಿಸಿದೆ. ತಂತಿ ಚುಚ್ಚಿದ ಬೆರಳು ತಾಗದಂತೆ ಅವನು ಅದನ್ನು ಮೊಣಕೈ ಮೇಲೆ ಮಲಗಿಸಿಕೊಂಡ. ತಲೆ ಎತ್ತದೆ ಕೇಳಿದ, "ತೊಟ್ಲು ಹಾಕೋದಕ್ಕಾದ್ರೂ ಮನೆಗೆ ಬಂದು ಕರೀತ್ರಾ?"

"ಅಮ್ಮನ್ನ ಕೈಲಿ ಹಿಡ್ಕಂಡು ಈಗ್ಲೇ ಕರೀತಿದೀನಲ್ಲ" ಎಂದರು ಬಂಗಾರಮ್ಮ. ಅಷ್ಟೂ ತಿಂಗಳಲ್ಲಿ ಆಕೆ ಅತ್ತದ್ದನ್ನು ನಾನು ನೋಡಿದ್ದು ಆಗಲೇ. "ಬತ್ತೀಯಾ, ಇಲ್ವಾ?"

"ಬತ್ತೀನಿ" ಎಂದ ಹೂವಪ್ಪ, ಕೂಸಿಗೆ.